ಅಮಾವಾಸ್ಯೆಯ ದಿನ ಬರೆದದ್ದು

ಬನಶ್ರೀಯನ್ನು ನಾನು ಕೊನೆಯ ಸಲ ನೋಡಿದಾಗ ಅವಳು ಜ್ವರದಲ್ಲಿ ಬೆರಳು ಮಡಿಸಿ ದಿನ ಎಣಿಸುತ್ತಿದ್ದಳು.

“ಇನ್ನ ಒಂಬತ್ ದಿನ ಐತೆ ಕಣೇ ವರ. ಉಳ್ದಿರೋದು ಒಂದೇ ಅಂಚು. ಆಯ್ತದೆ ಬಿಡು.”

ಆಗಲಿಲ್ಲ. ಐದನೇ ದಿನ ತೀರಿಕೊಂಡಳು. ಡೆಂಗಿ ಎಂದರು. ಅವಳಿಗೆ ಮೂವತ್ನಾಲ್ಕು ವರ್ಷ.

ಆಂಧ್ರದ ಗಡಿಯ ಹಿಂದೂಪುರದ ಮಗ್ಗದವರ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಆ ಬೀದಿಯಲ್ಲಿ ಬೆಳಗ್ಗೆ ಆರರಿಂದ ಪವರ್‌ಲೂಮುಗಳ ಸದ್ದು. ಹಾಗಾಗಿ ಅಲ್ಲಿನವರೆಲ್ಲ ಗಟ್ಟಿಯಾಗಿ ಮಾತಾಡುತ್ತಾರೆ. ಕಲ್ಯಾಣದುರ್ಗದ ನಮ್ಮ ಮನೆಗೆ ಬಂದಾಗಲೂ ಬನಶ್ರೀ ಅದೇ ದನಿಯಲ್ಲಿ ಮಾತಾಡುತ್ತಿದ್ದಳು. ನಾವಿಬ್ಬರೂ ಜಗಳವಾಡುತ್ತಿದ್ದೇವೆಂದು ತಿಳಿದು ಪಕ್ಕದ ಮನೆಯವರು ಒಂದು ಸಲ ಬಾಗಿಲು ತಟ್ಟಿದ್ದರು. “ಕೊಟ್ಲಾಟ ಏಮೀ ಲೇದಮ್ಮಾ, ಮಾ ಮಾಟಲೇ ಅಂತೆ,” ಜಗಳವೇನಿಲ್ಲ, ನಮ್ಮ ಮಾತೇ ಹೀಗೆ ಎಂದು ಅವಳು ತೆಲುಗಿನಲ್ಲಿ ಸಮಾಧಾನ ಹೇಳಿದ್ದೂ ಕೂಗಿಕೊಂಡೇ.

ನಾವು ಹತ್ತನೇ ತರಗತಿಯವರೆಗೆ ಒಟ್ಟಿಗೆ ಕನ್ನಡದಲ್ಲಿ ಓದಿದವರು. ನಾನು ಟೀಚರಾಗಿ ಬೆಳುಗುಪ್ಪದ ಶಾಲೆಗೆ ಬಂದೆ, ಕಲ್ಯಾಣದುರ್ಗದಲ್ಲಿ ಮನೆ ಮಾಡಿದೆ. ಅವಳು ಕಂಪ್ಯೂಟರ್ ಓದಿ ಹಿಂದೂಪುರದಲ್ಲೇ ಯುವರಾಜ್ ಎಂಬುವರ ಕಂಪನಿಗೆ ಸೇರಿದಳು. ಸೀರೆ ಅಂಗಡಿಗಳಿಗೆ, ಪವರ್‌ಲೂಮ್ ಮಾಲೀಕರಿಗೆ ಬಿಲ್ಲು ಮತ್ತು ಸ್ಟಾಕಿನ ಸಾಫ್ಟ್‌ವೇರ್ ಮಾಡಿಕೊಡುವ ಇಪ್ಪತ್ತು ಜನರ ಕಂಪನಿ. ಯುವರಾಜ್ ಅದೇ ಬೀದಿಯವರು, ಅದೇ ಜನ. ಬನಶ್ರೀಯ ತಾಯಿ ಸಣ್ಣಕ್ಕನನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಸಣ್ಣಕ್ಕನದು ಕೈಮಗ್ಗ. ಮುಂದಿನ ಕೋಣೆಯಲ್ಲಿ ಬನಶ್ರೀಯ ಚಿಕ್ಕಪ್ಪನ ಎರಡು ಪವರ್‌ಲೂಮು, ಹಿಂದೆ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುವ ಅವರ ಮಗ್ಗ. ಅವರು ನೇಯುವ ಅಂಚಿಗೆ ಬೀದಿಯಲ್ಲಿ ‘ಸಣ್ಣಕ್ಕನ ಅಂಚು’ ಎಂದೇ ಹೆಸರು. ಎರಡು ಗೆರೆಗಳ ನಡುವೆ ಹುಣಸೆ ಬೀಜಗಳ ಸಾಲು. ಎಂಟು ಬೀಜ ಒಂದು ಕಡೆಗೆ ಮುಖ ಮಾಡಿರುತ್ತವೆ, ಒಂಬತ್ತನೆಯದು ತಿರುಗಿರುತ್ತದೆ. ಅದು ಮೊದಲು ಸಣ್ಣಕ್ಕನ ಅತ್ತೆಯ ಕೈಯಲ್ಲಿ ಆದ ತಪ್ಪು. ಆ ಸೀರೆಯನ್ನು ಕೊಂಡವರು ಅದೇ ಬೇಕೆಂದು ಮತ್ತೆ ಬಂದರು, ತಪ್ಪು ಹಾಗೇ ಉಳಿಯಿತು. ಆ ಬೀದಿಯಲ್ಲಿ ಇಂಥವು ನಲವತ್ತೊಂದು ಇದ್ದವು. ಗಂಗುಲಮ್ಮನ ಅಂಚು, ಈರಕ್ಕನ ಅಂಚು, ಹೀಗೆ. ಯಾವುದೂ ಎಲ್ಲೂ ಬರೆದಿಟ್ಟದ್ದಲ್ಲ. ಆದರೆ ಗಂಗುಲಮ್ಮನನ್ನು ಕೇಳದೆ ಅವರ ಅಂಚನ್ನು ಈರಕ್ಕ ನೇಯುತ್ತಿರಲಿಲ್ಲ.

ಹೊಸದಾಗಿ ಅಂಚು ಕೂರಿಸಬೇಕೆಂದರೆ ಅದನ್ನು ಚೌಕಳಿ ಕಾಗದದ ಮೇಲೆ ಬಿಡಿಸಬೇಕು, ಅದನ್ನು ನೋಡಿ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ತಿಳಿಸುವ ಜಕಾರ್ಡಿನ ರಟ್ಟುಗಳಿಗೆ ತೂತು ಹೊಡೆಯಬೇಕು. ಬಿಡಿಸುವವರು ವಾರಗಟ್ಟಲೆ ಕಾಯಿಸುತ್ತಾರೆ. ಒಮ್ಮೆ ಸಣ್ಣಕ್ಕನ ಹಳೆಯ ರಟ್ಟುಗಳನ್ನು ಇಲಿ ಕಡಿದು ಹಾಕಿತು. ಆಗ ಬನಶ್ರೀ ಒಂದು ಪ್ರೋಗ್ರಾಂ ಬರೆಯಲು ಕೂತಳು. ಸೀರೆಯ ಅಂಚಿನ ಫೋಟೊ ತೆಗೆದು ಕೊಟ್ಟರೆ ಸಾಕು, ಅದು ಚೌಕಳಿ ಮಾಡಿ ಕೊಡುತ್ತಿತ್ತು. ಮೊದಲ ಸಲ ಅದು ಒಂಬತ್ತನೇ ಬೀಜವನ್ನು ತಾನೇ ನೇರ ಮಾಡಿ ಕೊಟ್ಟಿತಂತೆ.

“ಇದ್ಯಾವನು ನಮ್ಮತ್ತೆಗಿಂತ ಬುದ್ವಂತ?” ಎಂದರಂತೆ ಸಣ್ಣಕ್ಕ. “ತಿರುಗ್ಸು ಅದ್ನ.”

ಅಲ್ಲಿಂದ ಬನಶ್ರೀ ಇಡೀ ಪ್ರೋಗ್ರಾಮನ್ನು ಮತ್ತೆ ಬರೆದಳು. ಅಂಚಿನಲ್ಲಿರುವ ತಪ್ಪನ್ನು ತಿದ್ದದೆ ಹಾಗೇ ಹಿಡಿಯಬೇಕು, ಅದೇ ಅದರ ತಳಪಾಯ. ಅದನ್ನು ಕಟ್ಟಿದ್ದು ಅಮ್ಮನ ಅಂಚಿನ ಮೇಲೆ. ಉಳಿದ ನಲವತ್ತನ್ನು ಆಮೇಲೆ ಒಂದೊಂದಾಗಿ ಸೇರಿಸಿದಳು. ಪ್ರತಿಯೊಂದನ್ನೂ ಪ್ರೋಗ್ರಾಮಿನೊಳಗೇ ಆಯಾ ಹೆಂಗಸಿನ ಹೆಸರಿನಲ್ಲಿ ಬರೆದಳು. ಬೇರೆ ಕಡತದಲ್ಲಿ ಇಡಬೇಕೆಂದು ಅವಳಿಗೆ ಹೊಳೆಯಲಿಲ್ಲ. ಅಂಚಿಗೆ ಹೆಸರೇ ಹಾಗಲ್ಲವೇ ಎಂದಿದ್ದಳು.

ಫೋಟೊ ತೆಗೆಯಲು ಹೋದಾಗ ನಾನೂ ಒಂದು ದಿನ ಜೊತೆಗಿದ್ದೆ. ಗಂಗುಲಮ್ಮ ತಲೆ ಬಾಚಿಕೊಂಡು ಬಂದು ನಿಂತರು.

“ಸೀರೇದು ಏನ್ ತೆಗೀತೀಯೇ, ನನ್ದು ತೆಗಿ. ನಿನ್ಗೆ ಗಂಡು ಹುಡುಕೋರ್ಗೆ ತೋರ್ಸು, ನಮ್ ಬೀದಿ ಹೆಣ್ಮಕ್ಳು ಹಿಂಗವ್ರೆ ಅಂತ.”

“ನಿನ್ನ ನೋಡಿದ್ರೆ ಬರೋರೂ ಓಡೋಯ್ತಾರೆ ಗಂಗುಲಮ್ಮತ್ತೆ. ಸೆರಗು ಹಿಡ್ಕೊ, ಅಲ್ಲಾಡ್ಬೇಡ.”

“ಯಾರ್ಗೂ ಕೊಡಾಕಿಲ್ಲ ತಾನೇ?”

“ಕೇಳ್ದೆ ಕೊಡಾಕಿಲ್ಲ ಕಣತ್ತೆ.”

ಅಷ್ಟೇ ಕರಾರು. ಒಂದು ಕಾಗದವೂ ಇಲ್ಲ.

ಅವಳು ಇದನ್ನು ಬರೆಯುತ್ತಿದ್ದದ್ದು ಅಮಾವಾಸ್ಯೆಯ ದಿನಗಳಲ್ಲಿ. ಅಮಾವಾಸ್ಯೆ ದಿನ ಆ ಬೀದಿಯಲ್ಲಿ ಯಾರೂ ಮಗ್ಗಕ್ಕೆ ಕೂರುವುದಿಲ್ಲ. ಮಗ್ಗ ಒರೆಸಿ ಪೂಜೆ ಮಾಡುತ್ತಾರೆ, ಚೌಡೇಶ್ವರಿ ಗುಡಿಗೆ ಹೋಗಿ ಬರುತ್ತಾರೆ, ಮಲಗುತ್ತಾರೆ. ತಿಂಗಳಿಗೆ ಆ ಒಂದು ದಿನ ಬೀದಿ ಸುಮ್ಮನಿರುತ್ತದೆ. ಅಮ್ಮ ಮಗಳು ಪಡಸಾಲೆಯಲ್ಲಿ ಕೂತು, ಒಬ್ಬರು ಸೀರೆ ಬಿಡಿಸಿ ಹಿಡಿದು, ಒಬ್ಬರು ಲ್ಯಾಪ್‌ಟಾಪ್ ಹಿಡಿದು, ಬೀಜ ಎಣಿಸುತ್ತಿದ್ದರು. ಲ್ಯಾಪ್‌ಟಾಪ್ ಅವಳದೇ, ಸ್ವಂತ ದುಡ್ಡಿನದು.

ಇಷ್ಟರಲ್ಲಿ ಯುವರಾಜ್ ತಮ್ಮ ಕಂಪನಿಯನ್ನು ಬೆಂಗಳೂರಿನ ದೊಡ್ಡ ಕಂಪನಿಯೊಂದಕ್ಕೆ ಮಾರಲು ಹೊರಟರು. ಕೊಳ್ಳುವವರು ಎಲ್ಲ ನೌಕರರಿಗೂ ಒಂದು ಫಾರಂ ಕಳಿಸಿದರು. ಅದರಲ್ಲಿ ಒಂದು ಪ್ರಶ್ನೆ: ಕೆಲಸದಲ್ಲಿರುವಾಗ ನೀವು ಸ್ವಂತವಾಗಿ ಯಾವುದಾದರೂ ಸಾಫ್ಟ್‌ವೇರ್ ಮಾಡಿದ್ದೀರಾ? ಯಾವಾಗ, ಹೇಗೆ ಎಂದು ವಿವರಿಸಿ.

ಆ ಭಾನುವಾರ ಬನಶ್ರೀ ಎರಡು ಬಸ್ಸು ಬದಲಾಯಿಸಿ ಕಲ್ಯಾಣದುರ್ಗಕ್ಕೆ ಬಂದಳು.

“ಖಾಲಿ ಬಿಟ್ಬುಡ್ಲಾ?” ಎಂದಳು.

ಬಿಡಬೇಡ ಎಂದವಳು ನಾನು. ಮುಚ್ಚಿಟ್ಟರೆ ತಪ್ಪಾಗುತ್ತದೆ, ಇದ್ದದ್ದನ್ನು ಹೇಳಿದರೆ ಯಾರೂ ಏನೂ ಮಾಡಲಾರರು ಎಂದೆ. ಅವಳು ಎರಡು ಸಾಲು ಬರೆದು ತೋರಿಸಿದಳು. ಒಣ ಒಣವಾಗಿದೆ ಎನ್ನಿಸಿತು. ಆಫೀಸಿನ ಕೆಲಸದ ದಿನ ಮಾಡಿದ್ದಲ್ಲ ಎಂದು ಓದುವವರಿಗೆ ಗೊತ್ತಾಗಬೇಕು ಎಂದೆ. ನಾನು ಕನ್ನಡದಲ್ಲಿ ಒಂದು ವಾಕ್ಯ ಹೇಳಿದೆ, ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು: ‘ನಮ್ಮ ಬೀದಿಯ ಮಗ್ಗಗಳೆಲ್ಲ ಮೌನವಾಗುವ ಅಮಾವಾಸ್ಯೆಯ ದಿನಗಳಂದು ಮಾತ್ರ, ನನ್ನ ತಾಯಿಯ ಪಕ್ಕದಲ್ಲಿ ಕುಳಿತು, ಎರಡು ವರ್ಷಗಳಲ್ಲಿ ಇದನ್ನು ರಚಿಸಿದ್ದೇನೆ.’

ಅವಳು ಅದನ್ನು ಎರಡು ಸಲ ಓದಿದಳು. “ಎಷ್ಟ್ ಚೆನ್ನಾಗ್ ಬರೀತೀಯೇ. ನೀನ್ ಬರ್ದ್ರೆ ನಿಲ್ತೈತೆ,” ಎಂದಳು.

ನಮಗಿಬ್ಬರಿಗೂ ಒಂದು ವಿಷಯ ನೆನಪಿಗೆ ಬರಲಿಲ್ಲ. ಕೊರೊನಾ ಆದಮೇಲೆ ಆ ಕಂಪನಿಯಲ್ಲಿ ಪ್ರತಿಯೊಬ್ಬರಿಗೂ ತಿಂಗಳಿಗೆ ಒಂದು ದಿನ ಮನೆಯಿಂದ ಕೆಲಸ ಮಾಡಲು ಅವಕಾಶವಿತ್ತು. ಬನಶ್ರೀಯ ಮನೆಯಲ್ಲಿ ಮಗ್ಗದ ಸದ್ದಿಗೆ ಫೋನು ಕೂಡ ಕೇಳುತ್ತಿರಲಿಲ್ಲ. ಹಾಗಾಗಿ ಯುವರಾಜರೇ, “ನೀನು ಅಮಾವಾಸ್ಯೆ ದಿನ ಮನೇಲಿರಮ್ಮ, ಅವತ್ತಾದ್ರೆ ಸದ್ದಿರಲ್ಲ,” ಎಂದು ಗೊತ್ತು ಮಾಡಿದ್ದರು. ಅವಳು ಬೆಳಗ್ಗೆ ಏಳಕ್ಕೆ ಕೂತು ಮಧ್ಯಾಹ್ನ ಒಂದಕ್ಕೆಲ್ಲ ಆಫೀಸಿನ ಕೆಲಸ ಮುಗಿಸಿಬಿಡುತ್ತಿದ್ದಳು. ಆಮೇಲಿನದು ಅಮ್ಮನ ಜೊತೆ. ಹಾಜರಿ ಪುಸ್ತಕದಲ್ಲಿ ಅದು ಕೆಲಸದ ದಿನ. ಅವಳಿಗೆ ಅದು ಹುಟ್ಟಿದಾಗಿನಿಂದ ರಜೆಯ ದಿನ. ಅಮಾವಾಸ್ಯೆ ಎಂದು ಬರೆಯುವಾಗ ಅವಳ ಕಣ್ಣಿಗೆ ಬಂದದ್ದು ನಿಂತ ಮಗ್ಗ, ಹಾಜರಿ ಪುಸ್ತಕವಲ್ಲ. ನನಗಾದರೂ ಬರಬೇಕಿತ್ತು. ಆ ಏರ್ಪಾಟನ್ನು ಅವಳು ನನಗೆ ಹೇಳಿದ್ದಳು.

ಹದಿನೈದು ದಿನ ಬಿಟ್ಟು ಯುವರಾಜ್ ಅವಳನ್ನು ಕರೆದರು. ಅವರ ಮೇಜಿನ ಮೇಲೆ ಎರಡು ವರ್ಷದ ಗೋಡೆ ಕ್ಯಾಲೆಂಡರುಗಳಿದ್ದವು. ಅಮಾವಾಸ್ಯೆಯ ಕಪ್ಪು ಬೊಟ್ಟುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು.

“ಇಪ್ಪತ್ನಾಲ್ಕು ಅಮಾವಾಸ್ಯೆ ಕಣಮ್ಮ. ಮೂರು ಭಾನುವಾರ ಬಿದ್ದವೆ, ಎರಡು ದೀಪಾವಳಿ. ಮಿಕ್ಕಿದ್ದು ಹತ್ತೊಂಬತ್ತು. ಹತ್ತೊಂಬತ್ತು ದಿನಾನೂ ನೀನು ಡ್ಯೂಟಿ ಮೇಲಿದ್ದೆ.”

“ಸಾರ್, ನಿಮ್ಗೇ ಗೊತ್ತಲ್ಲ. ಒಂದ್ ಗಂಟೆಗೆ ನನ್ ಕೆಲ್ಸ ಮುಗ್ದಿರೋದು. ಅಮಾವಾಸ್ಯೆ ಅಂದ್ರೆ ಏನು ಅಂತ ನಿಮ್ಗೆ ನಾನ್ ಹೇಳ್ಬೇಕಾ?”

“ನನ್ಗೆ ಹೇಳ್ಬೇಡ. ಬೆಂಗ್ಳೂರೋರ್ಗೆ ಹೇಳೋದು ಹೆಂಗೆ? ನಮ್ ನೌಕರ್ರು ಬರ್ದಿದ್ದೆಲ್ಲ ಕಂಪ್ನೀದೇ ಅಂತ ನಾನು ಸೈನ್ ಮಾಡ್ಬುಟ್ಟಿವ್ನಿ. ಈಗ ನಿಂದು ಒಂದು ಹೊರ್ಗಡೆ ಐತೆ ಅಂದ್ರೆ ವ್ಯಾಪಾರ ಮುರ್ದೋಯ್ತದೆ. ಇಪ್ಪತ್ ಜನದ್ ಕೆಲ್ಸ ಹೋಯ್ತದೆ. ನಂಗೂ ಬೇರೆ ದಾರಿ ಇಲ್ಲ ಕಣಮ್ಮ.”

“ಅದ್ರಾಗೆ ನಿಮ್ಮಮ್ಮನ್ ಅಂಚೂ ಐತೆ ಸಾರ್.”

ಯುವರಾಜ್ ಕ್ಯಾಲೆಂಡರ್ ಸುತ್ತಿ ಡ್ರಾಯರಿನಲ್ಲಿಟ್ಟರಂತೆ. ಆಮೇಲೆ, “ಗೊತ್ತು,” ಎಂದರಂತೆ.

ಹಿಂದೂಪುರದ ಕೋರ್ಟಿನ ಬಳಿ ಶ್ರೀಲತಾ ಎಂಬ ವಕೀಲರನ್ನು ನೋಡಲು ನಾನೂ ಹೋದೆ. ಅವರು ಬನಶ್ರೀ ಕೆಲಸಕ್ಕೆ ಸೇರಿದ ದಿನ ಸಹಿ ಮಾಡಿದ ಹನ್ನೊಂದು ಪುಟದ ಒಪ್ಪಂದ ಓದಿದರು. ಬನಶ್ರೀ ಅದನ್ನು ಅಂದು ಓದಿರಲಿಲ್ಲ, ಆಧಾರ್ ಜೆರಾಕ್ಸಿನ ಜೊತೆ ಸಹಿ ಹಾಕಿ ಕೊಟ್ಟಿದ್ದಳು. ಒಂಬತ್ತನೇ ಕಲಮಿನಲ್ಲಿ, ಕಂಪನಿಯ ವ್ಯವಹಾರಕ್ಕೆ ಸಂಬಂಧಪಟ್ಟಂತೆ ನೌಕರರು ಕೆಲಸದಲ್ಲಿರುವಷ್ಟು ಕಾಲ ಏನು ರಚಿಸಿದರೂ ಅದು ಕಂಪನಿಯದು ಎಂದಿತ್ತು.

“ಲ್ಯಾಪ್‌ಟಾಪು ನಿಮ್ದೇನಾ?”

“ನಂದೇ ಮೇಡಂ. ನೆಟ್ಟೂ ನಂದೇ.”

“ಅದು ಒಳ್ಳೇದೇ. ಆದ್ರೆ ಅಷ್ಟೇ ಸಾಲ್ದು. ಕೆಲ್ಸದ ಭಾಗವಾಗಿ ಬರ್ದಿದ್ದು ಮಾಲೀಕ್ರದು ಅಂತಾನೇ ಕಾಪಿರೈಟ್ ಕಾನೂನು ಹೇಳೋದು, ಬೇರೆ ಕರಾರು ಇಲ್ದಿದ್ರೆ. ಇದು ನಿಮ್ ಕೆಲ್ಸದ ಭಾಗ ಅಲ್ಲ ಅಂತ ವಾದ ಮಾಡ್ಬೋದು. ಅವ್ರದ್ದು ಬಿಲ್ಲಿಂದು, ನಿಮ್ದು ಅಂಚಿಂದು. ಆದ್ರೆ ಅವ್ರ ಗಿರಾಕಿನೂ ಮಗ್ಗದೋರೇ, ನಿಮ್ ಗಿರಾಕಿನೂ ಮಗ್ಗದೋರೇ. ಸಂಬಂಧ ಐತೆ ಅಂತಾರೆ. ಇರ್ಲಿ, ಹೋರಾಡ್ಬೋದು. ಆಫೀಸ್ ಟೈಮಲ್ಲಿ ಏನೂ ಮಾಡಿಲ್ಲ ತಾನೇ?”

ಬನಶ್ರೀ ಫಾರಂ ತೆಗೆದುಕೊಟ್ಟಳು, ಹತ್ತೊಂಬತ್ತು ದಿನಗಳ ವಿಷಯವನ್ನೂ ಹೇಳಿದಳು. ಶ್ರೀಲತಾ ಆ ವಾಕ್ಯ ಓದಿ ಪೆನ್ನು ಕೆಳಗಿಟ್ಟರು.

“ಇದ್ನ ಯಾರು ಬರ್ದಿದ್ದು?”

“ನನ್ ಫ್ರೆಂಡು. ಕನ್ನಡ ಟೀಚರು.”

“ಚೆನ್ನಾಗ್ ಬರ್ದವ್ರೆ,” ಎಂದರು ಶ್ರೀಲತಾ. ನಾನು ಪಕ್ಕದಲ್ಲೇ ಕೂತಿದ್ದೆ.

ಆಮೇಲೆ ಅವರು ಒಂದೊಂದೇ ದಾರಿ ತೆಗೆದು ನೋಡಿದರು, ಪ್ರತಿಯೊಂದೂ ಎಲ್ಲಿ ಮುಚ್ಚುತ್ತದೆ ಎಂದು ಹೇಳಿದರು. ಕೆಲಸ ಬಿಟ್ಟರೆ? ಬಿಟ್ಟ ಮೇಲೆ ಇದೇ ಕಸುಬು ಮಾಡಬೇಡ ಎಂದು ಯಾರೂ ಕಟ್ಟಿಹಾಕಲಾರರು, ಆದರೆ ಬಿಡುವ ಮುಂಚೆ ಬರೆದದ್ದು ಅಲ್ಲೇ ಉಳಿಯುತ್ತದೆ. ಅಳಿಸಿಬಿಟ್ಟರೆ? ಇದೆ ಎಂದು ಬರೆದುಕೊಟ್ಟಾದ ಮೇಲೆ ಅಳಿಸಿದರೆ ಅವರ ಸೊತ್ತು ಹಾಳುಮಾಡಿದಳು ಎಂಬ ಇನ್ನೊಂದು ಕೇಸು. ಫಾರಂ ವಾಪಸು ಪಡೆದರೆ? ಬೆಂಗಳೂರಿನಲ್ಲಿ ನಾಲ್ಕು ಪ್ರತಿಗಳಿವೆ. ನ್ಯಾಯಾಲಯಕ್ಕೆ ಹೋದರೆ? ಹೋಗಬಹುದು, ಗೆಲ್ಲಲೂಬಹುದು, ಆದರೆ ಅಲ್ಲಿಯವರೆಗೆ ಪ್ರೋಗ್ರಾಂ ಮುಟ್ಟುವಂತಿಲ್ಲ, ವರ್ಷಗಳಾಗುತ್ತವೆ.

“ಮೊದಲ್ನೇ ಸಾಲು ಬರ್ಯೋ ಮುಂಚೆ ಯುವರಾಜ್ ಹತ್ರ ಒಂದು ಕಾಗ್ದ ಬರೆಸ್ಕೊಂಡಿದ್ರೆ ಇದೇನೂ ಇರ್ತಿರ್ಲಿಲ್ಲಮ್ಮ. ‘ಇದು ನಿನ್ ಸ್ವಂತದ್ದು, ಕಂಪ್ನಿಗೆ ಸಂಬಂಧ ಇಲ್ಲ.’ ಒಂದ್ ಸಾಲು. ಅವತ್ತು ಕೇಳಿದ್ರೆ ನಗ್ತಾ ಕೊಟ್ಟಿರೋರು.”

“ಪ್ರೋಗ್ರಾಂ ಹೋಗ್ಲಿ ಮೇಡಂ,” ಎಂದಳು ಬನಶ್ರೀ. “ಅಂಚು? ಅವು ನಂದಲ್ಲ. ನಂದಲ್ದೇ ಇರೋದನ್ನ ನಾನು ಹೆಂಗ್ ಕೊಡ್ಲಿ? ಗಂಗುಲಮ್ಮತ್ತೆಗೆ ಕೇಳ್ದೆ ಯಾರ್ಗೂ ಕೊಡಾಕಿಲ್ಲ ಅಂತ ಹೇಳಿವ್ನಿ.”

ಅದೊಂದರ ಮೇಲೆ ಅವಳು ಕೊನೆಯವರೆಗೂ ನಿಂತಳು. ಶ್ರೀಲತಾ ಹಿಡಿದ ದಾರವೂ ಅದೇ. ಒಂದೂವರೆ ತಿಂಗಳು ಕಾಗದಗಳು ಹೋಗಿ ಬಂದು ಕೊನೆಗೆ ಒಂದು ಒಪ್ಪಂದವಾಯಿತು. ಪ್ರೋಗ್ರಾಂ ಕಂಪನಿಗೆ ಸೇರುತ್ತದೆ. ಬನಶ್ರೀ ತನ್ನ ಬಳಿ ಪ್ರತಿ ಇಟ್ಟುಕೊಳ್ಳುವಂತಿಲ್ಲ. ಅರವತ್ತು ದಿನದೊಳಗೆ ಆಫೀಸಿನಲ್ಲೇ ಕೂತು, ಅವರ ಕಂಪ್ಯೂಟರಿನಲ್ಲಿ, ಅವಳು ಸ್ವತಃ ಬೇರ್ಪಡಿಸಿದ ಅಂಚುಗಳನ್ನು ಕಂಪನಿಯವರು ಆಯಾ ಹೆಂಗಸರಿಗೆ ಹಿಂತಿರುಗಿಸುತ್ತಾರೆ. ಅರವತ್ತು ದಿನದ ಮೇಲೆ ಒಳಗೆ ಉಳಿದದ್ದು ಪ್ರೋಗ್ರಾಮಿನ ಭಾಗ.

ಸಹಿ ಮಾಡಿದ ದಿನ ನನಗೆ ಫೋನು ಮಾಡಿ, “ನಲವತ್ತೊಂದು ಅಂಚು, ಅರವತ್ತು ದಿನ. ದಂಡಿಯಾಗೈತೆ,” ಎಂದಳು.

ಹಗಲು ಆಫೀಸಿನ ಕೆಲಸ, ಸಂಜೆ ನಾಲ್ಕರಿಂದ ಏಳರವರೆಗೆ ಇದು. ಪಕ್ಕದ ಕುರ್ಚಿಯಲ್ಲಿ ಬೆಂಗಳೂರಿನಿಂದ ಬಂದ ಒಬ್ಬಾಕೆ ಕೂತು ನೋಡುತ್ತಿದ್ದರು. ತಾನೇ ಬರೆದದ್ದನ್ನು ಮುಟ್ಟುವ ಮುಂಚೆ ಆಕೆಯನ್ನು ಕೇಳಬೇಕಿತ್ತು. “ನಮ್ಮನೇಗೆ ನಾನೇ ನೆಂಟ್ರಂಗೆ ಹೋಯ್ತೀನಿ ಕಣೇ,” ಎನ್ನುತ್ತಿದ್ದಳು. ಬೇರ್ಪಟ್ಟ ಅಂಚಿನ ಚೌಕಳಿಯನ್ನು ಪ್ರಿಂಟು ಮಾಡಿಸಿ ಅವಳೇ ಮನೆ ಮನೆಗೆ ಕೊಟ್ಟು ಬರುತ್ತಿದ್ದಳು. ಈರಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ನಂದೇ ನಂಗ್ ಕೊಡಾಕೆ ಎರ್ಡ್ ವರ್ಷ ಓಡಾಡ್ದೇನೇ?” ಎಂದರಂತೆ. ಬನಶ್ರೀ ಅದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಣ್ಣಕ್ಕನ ಅಂಚನ್ನು ಕೊನೆಗೆ ಬಿಟ್ಟಿದ್ದಳು. ತಾಯಿಯದನ್ನು ಮೊದಲು ತೆಗೆದರೆ ಬೀದಿಯವರು ಏನೆಂದಾರು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಅದು ತೆಗೆಯಲು ಎಲ್ಲಕ್ಕಿಂತ ಕಷ್ಟವಾದದ್ದು. ಪ್ರೋಗ್ರಾಂ ನಿಂತಿದ್ದೇ ಅದರ ಮೇಲೆ. ತಿರುಗಿದ ಬೀಜವನ್ನು ಹಿಡಿಯಲು ಅವಳು ಬರೆದ ಸಾಲುಗಳೇ ಎಲ್ಲ ಅಂಚುಗಳನ್ನೂ ಓದುತ್ತಿದ್ದವು. ಹಾಸನ್ನು ಎಳೆದುಕೊಂಡರೆ ಹೊಕ್ಕು ಎಲ್ಲಿ ನಿಲ್ಲುತ್ತದೆ ಎಂದಳು. ಎಷ್ಟು ಸಾಲು ಅಂಚಿನದು, ಎಷ್ಟು ಕಂಪನಿಯದು ಎಂದು ಪಕ್ಕದಾಕೆ ಪ್ರತಿ ಸಾಲಿಗೂ ತಕರಾರು ತೆಗೆಯುತ್ತಿದ್ದರು. ನಲವತ್ತೂ ಹೊರಗೆ ಬಂದಾಗ ಹನ್ನೆರಡು ದಿನ ಉಳಿದಿತ್ತು. ಆಗ ಜ್ವರ ಬಂತು.

ಎರಡು ದಿನ ಜ್ವರದಲ್ಲೇ ಆಫೀಸಿಗೆ ಹೋದಳು. ಮೂರನೇ ದಿನ ನಾನು ಬಂದು ನೋಡಿದೆ. ರಜೆ ಹಾಕು ಎಂದೆ. ರಜೆ ಹಾಕಿದರೂ ದಿನಗಳು ಓಡುತ್ತವೆ, ಒಪ್ಪಂದದಲ್ಲಿ ಜ್ವರಕ್ಕೆ ರಜೆ ಇಲ್ಲ ಎಂದಳು. ಶ್ರೀಲತಾ ಅವರಿಗೆ ಹೇಳಿ ಗಡುವು ಮುಂದಕ್ಕೆ ಹಾಕಿಸೋಣ ಎಂದದ್ದಕ್ಕೆ, “ನೀನೊಂದು ಕಾಗ್ದ ಬರಿ ಮತ್ತೆ,” ಎಂದು ನಕ್ಕಳು. ಅದು ಕುಟುಕಿದ್ದೋ ನಿಜವಾಗಿ ಕೇಳಿದ್ದೋ ನನಗೆ ತಿಳಿಯಲಿಲ್ಲ. ನಾನು ಬರೆಯಲಿಲ್ಲ. ಆ ಸಂಜೆಯೂ ಅವಳು ಆಫೀಸಿಗೆ ಹೋದಳು. ಅಲ್ಲಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಬೆಂಗಳೂರಿಗೆ. ಉಳಿದದ್ದು ಮೊದಲೇ ಹೇಳಿದೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಯುವರಾಜ್ ಬಂದಿದ್ದರು. ಸಣ್ಣಕ್ಕನ ಮುಂದೆ ನೆಲದ ಮೇಲೆ ಕೂತರು. “ಅಕ್ಕ, ಆ ಒಂದು ಅಂಚು ನನ್ ಕೈಲಿದ್ದಿದ್ರೆ ಕೊಟ್ಬುಡ್ತಿದ್ದೆ. ಕಂಪ್ನಿ ಈಗ ನಂದಲ್ಲ,” ಎಂದರು. ಸಣ್ಣಕ್ಕ ಅವರಿಗೆ ನೀರು ಕೊಟ್ಟರು.

ಆ ಅಂಚನ್ನು ಹಿಂತಿರುಗಿಸಿ ಎಂದು ಬೆಂಗಳೂರಿನ ಕಂಪನಿಗೆ ನಾನು ಮೂರು ಪತ್ರ ಬರೆದಿದ್ದೇನೆ. ಮೊದಲನೆಯದಕ್ಕೆ ಸಂತಾಪ ಸೂಚಿಸಿದ್ದಾರೆ. ಎರಡನೆಯದಕ್ಕೆ, ಒಪ್ಪಂದದಲ್ಲಿರುವ ‘ಸ್ವತಃ ಬೇರ್ಪಡಿಸಿದ’ ಎಂಬ ಪದಗಳ ಕಡೆಗೆ ನನ್ನ ಗಮನ ಸೆಳೆದಿದ್ದಾರೆ. ಮೂರನೆಯದಕ್ಕೆ ಉತ್ತರವಿಲ್ಲ.

ಹೋದ ತಿಂಗಳು ಹಿಂದೂಪುರಕ್ಕೆ ಹೋದಾಗ ಅಮಾವಾಸ್ಯೆಯಲ್ಲ, ಮಾಮೂಲಿ ಮಂಗಳವಾರ. ಬೀದಿಯೆಲ್ಲ ಸದ್ದು. ಸಣ್ಣಕ್ಕನ ಮಗ್ಗ ಮಾತ್ರ ನಿಂತಿತ್ತು. ಹಾಸು ಕಟ್ಟಿದೆ, ರಟ್ಟುಗಳನ್ನು ತೂಗುಹಾಕಿದೆ, ಬನಶ್ರೀ ಎರಡು ವರ್ಷದ ಹಿಂದೆ ಮೊದಲ ಚೌಕಳಿ ತೆಗೆದುಕೊಟ್ಟಾಗ ಹೊಡೆಸಿದ ರಟ್ಟುಗಳು. ಅವರು ಪಕ್ಕದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು.

“ವರ, ನಾನು ಈ ಅಂಚು ನೇಯ್ಬೋದೇನಮ್ಮ?”

ಶ್ರೀಲತಾ ಹೇಳಿದ್ದನ್ನೇ ಹೇಳಿದೆ. ಕಂಪನಿಯವರು ಬರೆಸಿಕೊಂಡದ್ದು ಪ್ರೋಗ್ರಾಮನ್ನು. ನಿಮ್ಮ ಅತ್ತೆಯ ಕಾಲದಿಂದ ಬಂದದ್ದನ್ನು ನಿಮ್ಮ ಕೈಯಿಂದ ನೇಯಬೇಡಿ ಎನ್ನಲು ಯಾರಿಗೂ ಆಗುವುದಿಲ್ಲ.

“ಹಂಗಂತ ಅವ್ರು ಬರ್ಕೊಟ್ಟವ್ರಾ?”

“ಇಲ್ಲ.”

“ಮತ್ತೆ ಅವ್ಳೂ ಹಂಗೇ ಅಲ್ವಾ ಅಂದ್ಕೊಂಡಿದ್ದು. ಯಾರ್ಗೂ ಏನೂ ಮಾಡಾಕಾಗಲ್ಲ ಅಂತ.” ಅವರು ಒಂದು ಬೀಜ ತೆಗೆದು ಬಟ್ಟಲಿಗೆ ಹಾಕಿದರು. “ನೀನೇ ಒಂದ್ ಕಾಗ್ದ ಬರ್ಕೊಡು. ನೀನ್ ಬರ್ದ್ರೆ ನಿಲ್ತೈತೆ ಅಂತ ಬನಶ್ರೀ ಹೇಳ್ತಿದ್ಲು.”

ನಾನು ಬ್ಯಾಗಿನಿಂದ ಶಾಲೆಯ ನೋಟುಬುಕ್ಕು ತೆಗೆದು ಒಂದು ಹಾಳೆ ಹರಿದೆ. ‘ಸಣ್ಣಕ್ಕನ ಅಂಚು ಸಣ್ಣಕ್ಕನದು,’ ಎಂದು ಬರೆದೆ. ಕೆಳಗೆ ಸಹಿ ಹಾಕಿದೆ, ದಿನಾಂಕ ಹಾಕಿದೆ. ಅದಕ್ಕಿಂತ ಹೆಚ್ಚು ಒಂದು ಅಕ್ಷರವೂ ಬರೆಯಲಿಲ್ಲ.

ಸಣ್ಣಕ್ಕ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಏನೋ ಕೇಳಿದರು. ಪವರ್‌ಲೂಮಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಎರಡನೇ ಸಲ ಗಟ್ಟಿಯಾಗಿ ಕೇಳಿದರು.

“ಸೀಲು ಇಲ್ವೇನಮ್ಮ?”